ನಮ್ಮ ಮಳೆಯ ಲೆಕ್ಕದಿಂದ ವಾಯುಗುಣ ಬದಲಾವಣೆಯ ಪಾಠ: ಕೊಳ್ಳೇಗಾಲ, ಹನೂರು, ಯಳಂದೂರು ಶಾಲೆಗಳಲ್ಲಿ ಒಂದು ಬೋಧನಾಭ್ಯಾಸ

ಮೊದಲ ತೊಡಕು ಪದದಲ್ಲೇ ಇದೆ. ಒಂದು ದಿನದ, ಒಂದು ವಾರದ ಬಿಸಿಲು, ಗಾಳಿ, ಮಳೆಯ ಸ್ಥಿತಿ ‘ಹವಾಮಾನ’. ದೀರ್ಘಕಾಲದ ಸರಾಸರಿ ಸ್ಥಿತಿ ‘ವಾಯುಗುಣ’. ಸಮಾಜ ವಿಜ್ಞಾನದ ತರಗತಿಯಲ್ಲಿ ನಾವು ಹೀಗೆ ಹೇಳಿಕೊಡುತ್ತೇವೆ, ವ್ಯತ್ಯಾಸ ಬರೆಯಿರಿ ಎಂದು ಎರಡು ಅಂಕದ ಪ್ರಶ್ನೆಯನ್ನೂ ಕೇಳುತ್ತೇವೆ. ಅದೇ ಮಗು ಮನೆಗೆ ಹೋಗಿ ಟಿ.ವಿ. ಹಾಕಿದರೆ ಅಲ್ಲಿ ‘ಹವಾಮಾನ ಬದಲಾವಣೆ’ ಎಂಬ ಸುದ್ದಿ. ಹವಾಮಾನ ಬದಲಾಗುವುದರಲ್ಲಿ ಸುದ್ದಿ ಏನಿದೆ? ಬೆಳಿಗ್ಗೆ ಬಿಸಿಲು, ಸಂಜೆಗೆ ಗುಡುಗು. ಎಂಟನೇ ತರಗತಿಯ ಹುಡುಗನೊಬ್ಬ “ಅದು ದಿನಾ ಬದ್ಲಾಯ್ತದಲ್ಲಾ ಸಾ?” ಎಂದು ಕೇಳಿದ್ದು ಉಡಾಫೆಯಿಂದಲ್ಲ. ಪಠ್ಯದ ವ್ಯಾಖ್ಯೆಯನ್ನು ಸರಿಯಾಗಿ ಕಲಿತಿದ್ದರಿಂದಲೇ ಅವನು ಆ ಪ್ರಶ್ನೆ ಕೇಳಿದ್ದ. ಹಾಗಾಗಿ ಈ ಲೇಖನದುದ್ದಕ್ಕೂ ‘ವಾಯುಗುಣ ಬದಲಾವಣೆ’ ಎಂದೇ ಬರೆದಿದ್ದೇನೆ. ತರಗತಿಯಲ್ಲೂ ಹಾಗೆಯೇ ಹೇಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇಂಟರ್ನ್‌ಶಿಪ್ ಅವಧಿಯಲ್ಲಿ ನಮ್ಮ ತಂಡದ ಮೂವರಿಗೆ ಮೂರು ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳು ಸಿಕ್ಕಿದವು. ನನಗೆ ಹನೂರು, ಬೋಧನಾ ವಿಷಯ ಭೌತವಿಜ್ಞಾನ ಮತ್ತು ಗಣಿತ. ಸಮಾಜ ವಿಜ್ಞಾನ ಮತ್ತು ಕನ್ನಡದ ಗೆಳತಿಗೆ ಕೊಳ್ಳೇಗಾಲದ ನದಿದಂಡೆಯ ಕಡೆಯ ಶಾಲೆ, ಜೀವವಿಜ್ಞಾನದ ಗೆಳೆಯನಿಗೆ ಯಳಂದೂರು. ಬೇರೆ ಬೇರೆ ಘಟಕಗಳನ್ನು ಬೋಧಿಸುತ್ತಲೇ ವಾಯುಗುಣ ಬದಲಾವಣೆಯನ್ನು ಎಲ್ಲೆಲ್ಲಿ ತರಬಹುದು ಎಂದು ವಾರಕ್ಕೊಮ್ಮೆ ಕೂತು ಮಾತಾಡಿಕೊಂಡೆವು. ಆ ಮಾತುಕತೆಯಿಂದ ಹೊರಟ ಪಾಠಗಳಿವು.

ಎಲ್ಲ ವಿಷಯಗಳಲ್ಲೂ ಪರಿಸರವನ್ನು ಬೆರೆಸಿ ಕಲಿಸಬೇಕೆಂಬುದು ಹೊಸ ಮಾತಲ್ಲ. 1991ರಲ್ಲಿ ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡಲು ಹೇಳಿತು. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಅದನ್ನು ಎಲ್ಲ ವಿಷಯಗಳ ಒಳಗೂ ಹೆಣೆಯಬೇಕೆಂದಿತು. ಅಮೆರಿಕದ ನ್ಯೂಜೆರ್ಸಿ ರಾಜ್ಯ 2020ರಲ್ಲಿ ವಾಯುಗುಣ ಬದಲಾವಣೆಯನ್ನು ಕಲೆ, ದೈಹಿಕ ಶಿಕ್ಷಣವೂ ಸೇರಿದಂತೆ ಹಲವು ವಿಷಯಗಳ ಕಲಿಕಾ ಮಾನದಂಡದಲ್ಲಿ ಸೇರಿಸಿ 2022ರ ಸೆಪ್ಟೆಂಬರ್‌ನಿಂದ ಜಾರಿಗೆ ತಂದಿತು. ತೊಂದರೆ ಎಲ್ಲಿದೆಯೆಂದರೆ, ಎಲ್ಲರಿಗೂ ಸೇರಿದ್ದು ಕೊನೆಗೆ ಯಾರಿಗೂ ಸೇರದೆ ಹೋಗುತ್ತದೆ. ಪ್ರತಿ ಪಾಠದ ಕೊನೆಗೆ ‘ಆದ್ದರಿಂದ ಗಿಡ ನೆಡೋಣ’ ಎಂದು ಒಂದು ಸಾಲು ಅಂಟಿಸಿದರೆ ಅದು ಬೆರೆಸಿದಂತೆಯೂ ಅಲ್ಲ, ಕಲಿಸಿದಂತೆಯೂ ಅಲ್ಲ. ಆ ವಿಷಯದ ಸ್ವಂತ ಪ್ರಶ್ನೆ ವಾಯುಗುಣವನ್ನು ಎಲ್ಲಿ ತಾನಾಗಿ ಮುಟ್ಟುತ್ತದೋ ಅಲ್ಲಿ ಮಾತ್ರ ಪಾಠ ಮಾಡುವುದು, ಮುಟ್ಟದ ಕಡೆ ಸುಮ್ಮನಿರುವುದು ಎಂದು ನಾವು ನಿಶ್ಚಯಿಸಿಕೊಂಡೆವು. ಎಲ್ಲರಿಗೂ ಒಂದೇ ಆರಂಭದ ಪ್ರಶ್ನೆ: ಈ ಮಳೆ ಎಲ್ಲಿ, ಯಾವಾಗ, ಎಷ್ಟು ಬಿತ್ತು?

ಸಮಾಜ ವಿಜ್ಞಾನ: ಮಳೆಯಿಲ್ಲದೆ ಬಂದ ನೆರೆ

ಭಾರತದ ವಾಯುಗುಣದ ಪಾಠದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ, ದೇಶದ ಬಹುಪಾಲು ಮಳೆ ಆಗಲೇ ಎಂದಿದೆ. ನಮ್ಮ ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಚಾಮರಾಜನಗರ ಜಿಲ್ಲೆ ಘಟ್ಟಗಳ ಮಳೆನೆರಳಿನಲ್ಲಿದೆ. ಇಲ್ಲಿ ವರ್ಷಕ್ಕೆ ಎರಡು ಬಾರಿ ಮಳೆ ಏರುತ್ತದೆ: ಒಮ್ಮೆ ಮೇ ತಿಂಗಳ ಆಸುಪಾಸು, ಮತ್ತೊಮ್ಮೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ನಡುವಿನ ಜೂನ್, ಜುಲೈ ಇಲ್ಲಿ ಕಡಿಮೆ ಮಳೆಯ ತಿಂಗಳುಗಳು. ಪಠ್ಯದ ನಕ್ಷೆಗೂ ತನ್ನ ಊರಿನ ಹೊಲಕ್ಕೂ ಹೊಂದುವುದಿಲ್ಲ ಎಂದು ಮಗು ತಾನೇ ಕಂಡುಕೊಳ್ಳುವಂತೆ ಮಾಡಲು ಗೆಳತಿ ಹೂಡಿದ ಉಪಾಯ ಸರಳವಾದದ್ದು. ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದು ಮೂರು ಪ್ರಶ್ನೆ ಕೊಟ್ಟರು: ಉಳುಮೆಗೆ ಹದವಾಗುವ ಮಳೆ ಯಾವುದು, ಕೆರೆ ತುಂಬಿಸುವ ಮಳೆ ಯಾವುದು, ನಡುವೆ ಪೈರು ಬಾಡುವುದು ಯಾವಾಗ. ಮರುದಿನ ಕಪ್ಪುಹಲಗೆಯ ಮೇಲೆ ಹನ್ನೆರಡು ತಿಂಗಳ ಕಂಬನಕ್ಷೆ ಬರೆಯುವಾಗ ಎರಡು ಗುಡ್ಡ, ನಡುವೆ ಒಂದು ತಗ್ಗು ಮೂಡಿತು.

ನಂತರ ನೆರೆಯ ಪಾಠ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೇ ಹಂಪಾಪುರ, ಹಳೇ ಅಣಗಳ್ಳಿ ಮುಂತಾದ ಕಾವೇರಿ ದಂಡೆಯ ಊರುಗಳಿಗೆ ನೀರು ನುಗ್ಗಿತು. 2018ರಲ್ಲಿ ಶಿವನಸಮುದ್ರದ ಹಳೆಯ ವೆಲ್ಲೆಸ್ಲಿ ಸೇತುವೆಯ ಒಂದು ಭಾಗವೂ ಕೊಚ್ಚಿಹೋಯಿತು. ಅಂದಿನ ನೆನಪುಳ್ಳ ಒಬ್ಬ ಹುಡುಗಿ ತರಗತಿಯಲ್ಲಿ ಹೇಳಿದ ಮಾತು ಇಡೀ ಪಾಠಕ್ಕೆ ಸಾಕಾಗುವಷ್ಟಿತ್ತು: “ನಮ್ಮೂರ್ಲಿ ಮಳನೇ ಬರ್ನಿಲ್ಲ ಮಿಸ್, ನೀರ್ ಮಾತ್ರ ಬಂದ್ಬುಡ್ತು.” ಮಳೆ ಬಿದ್ದದ್ದು ಕೊಡಗಿನಲ್ಲಿ, ವಯನಾಡಿನಲ್ಲಿ. ಕೃಷ್ಣರಾಜಸಾಗರ, ಕಬಿನಿ ಎರಡೂ ತುಂಬಿ ನೀರು ಹೊರಬಿಟ್ಟಾಗ ಮುಳುಗಿದ್ದು ಇಲ್ಲಿ. ಯಳಂದೂರಿನ ಕಥೆ ಬೇರೆ. 2022ರ ಮಳೆಗಾಲದಲ್ಲಿ ಅಲ್ಲಿ ಸುವರ್ಣಾವತಿ ಉಕ್ಕಿದ್ದು ಜಿಲ್ಲೆಯೊಳಗೇ ಬಿದ್ದ ಮಳೆಯಿಂದ. ಎರಡೂ ಊರಿನ ಮಕ್ಕಳು ‘ನೆರೆ’ ಎಂದೇ ಕರೆಯುವ ಇವೆರಡನ್ನೂ ಒಂದೇ ನಕಾಶೆಯಲ್ಲಿ ಬೆರಳಿಟ್ಟು ತೋರಿಸಿದಾಗ ಜಲಾನಯನ ಪ್ರದೇಶ ಎಂಬ ಪರಿಭಾಷೆಗೆ ಅರ್ಥ ಬರುತ್ತದೆ.

ಇಲ್ಲಿ ಶಿಕ್ಷಕರು ಎಚ್ಚರದಿಂದಿರಬೇಕಾದ ಒಂದು ಜಾಗವಿದೆ. ‘ಆದ್ದರಿಂದ ನೆರೆ ವಾಯುಗುಣ ಬದಲಾವಣೆಯಿಂದ ಬಂತು’ ಎಂದು ಮುಗಿಸಿಬಿಡುವುದು ಸುಲಭ. 1924ರ ಜುಲೈನಲ್ಲೂ ಕಾವೇರಿಯಲ್ಲಿ ಮಹಾಪ್ರವಾಹ ಬಂದಿತ್ತು. ಆಗ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಈಗಿಗಿಂತ ಎಷ್ಟೋ ಕಡಿಮೆ. ಹಾಗಾದರೆ ಏನು ಹೇಳಬೇಕು? ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ, ಹಾಗಾಗಿ ಸುರಿಯುವಾಗ ಒಂದೇ ಸಲಕ್ಕೆ ಹೆಚ್ಚು ಸುರಿಯುವ ಸಾಧ್ಯತೆ ಬೆಳೆಯುತ್ತದೆ. 2024ರ ಜುಲೈ 30ರಂದು ವಯನಾಡಿನಲ್ಲಿ ಭೂಕುಸಿತಕ್ಕೆ ಕಾರಣವಾದ ಮಳೆಯ ತೀವ್ರತೆಯನ್ನು ವಾಯುಗುಣ ಬದಲಾವಣೆ ಸುಮಾರು ಶೇ. 10ರಷ್ಟು ಹೆಚ್ಚಿಸಿತ್ತೆಂದು ವರ್ಲ್ಡ್ ವೆದರ್ ಅಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡ ಅಂದಾಜಿಸಿತು. (ಆ ಇಳಿಜಾರಿನ ನೀರು ಪಶ್ಚಿಮಕ್ಕೆ ಹರಿದು ಚಾಲಿಯಾರ್ ಸೇರುತ್ತದೆ, ಕಬಿನಿಗೆ ಬರುವುದಿಲ್ಲ. ನಕಾಶೆ ತೋರಿಸಿಯೇ ಹೇಳಬೇಕು.) ‘ತಂದಿತು’ ಮತ್ತು ‘ಹೆಚ್ಚಿಸಿತು’ ಎಂಬ ಎರಡು ಕ್ರಿಯಾಪದಗಳ ನಡುವಿನ ಅಂತರವನ್ನು ಒಂಬತ್ತನೇ ತರಗತಿಯವರು ಚೆನ್ನಾಗಿಯೇ ಹಿಡಿಯುತ್ತಾರೆ.

ಗಣಿತ: ಸರಾಸರಿ ಮುಚ್ಚಿಡುವ ಸಂಗತಿ

ನನ್ನ ಪಾಠ ಶುರುವಾದದ್ದು ಎರಡು ಲೀಟರಿನ ತಂಪು ಪಾನೀಯದ ಬಾಟಲಿಯಿಂದ. ಮೇಲ್ಭಾಗ ಕತ್ತರಿಸಿ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಬೇಕು. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಸಣ್ಣ ಕಲ್ಲು ಹಾಕಿ, ನೇರ ಗೋಡೆ ಶುರುವಾಗುವ ಮಟ್ಟದವರೆಗೆ ನೀರು ತುಂಬಿ ಅಲ್ಲಿ ಸೊನ್ನೆ ಗುರುತಿಸಬೇಕು. ಆಮೇಲೆ ಅಳತೆಪಟ್ಟಿ ಅಂಟಿಸಿದರೆ ಮಳೆಮಾಪಕ ಸಿದ್ಧ. ಬಾಯಿಯ ಅಗಲ ಮತ್ತು ಗೋಡೆಯ ಅಗಲ ಒಂದೇ ಆಗಿದ್ದರೆ ಮಾತ್ರ ಪಟ್ಟಿಯ ಒಂದು ಮಿಲಿಮೀಟರ್ ಎಂದರೆ ಮಳೆಯ ಒಂದು ಮಿಲಿಮೀಟರ್. ಏಕೆ ಎಂದು ಸಿಲಿಂಡರಿನ ಘನಫಲದ ಸೂತ್ರದಿಂದ ಮಕ್ಕಳೇ ಸಾಧಿಸಿದರು.

ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ಶಾಲೆಯ ಚಾವಣಿ 12 ಮೀಟರ್ ಉದ್ದ, 6 ಮೀಟರ್ ಅಗಲ ಎಂದಿಟ್ಟುಕೊಂಡರೆ 25 ಮಿ.ಮೀ. ಮಳೆಗೆ 1,800 ಲೀಟರ್. ಒಂದು ಎಕರೆಗೆ ಒಂದು ಮಿ.ಮೀ. ಎಂದರೆ ಸುಮಾರು 4,047 ಲೀಟರ್. ಹಾಗಾಗಿ 20 ಮಿ.ಮೀ. ಬಿದ್ದ ದಿನ ಒಂದು ಎಕರೆ ಹೊಲದ ಮೇಲೆ 5,000 ಲೀಟರಿನ ಹದಿನಾರು ಟ್ಯಾಂಕರ್ ನೀರು ಸುರಿದಂತೆ. ಬೇಸಿಗೆಯಲ್ಲಿ ಟ್ಯಾಂಕರ್ ಬರುವುದನ್ನು ಬಿಂದಿಗೆ ಹಿಡಿದು ಕಾಯುವ ಮಕ್ಕಳಿಗೆ ಈ ಹದಿನಾರು ಎಂಬ ಸಂಖ್ಯೆ ತಟ್ಟಿದಷ್ಟು ನನ್ನ ಬೇರೆ ಯಾವ ಲೆಕ್ಕವೂ ತಟ್ಟಿಲ್ಲ.

ಸಂಖ್ಯಾಶಾಸ್ತ್ರದ ಘಟಕದಲ್ಲಿ ಬಳಸಿದ ದತ್ತಾಂಶ ನಾನೇ ಪಾಠಕ್ಕಾಗಿ ಹೆಣೆದದ್ದು, ಯಾವ ಊರಿನದ್ದೂ ಅಲ್ಲ. ಮೇಯಿಂದ ಅಕ್ಟೋಬರ್‌ವರೆಗೆ ಮೊದಲ ವರ್ಷ 120, 50, 60, 80, 130, 160 ಮಿ.ಮೀ.; ಎರಡನೇ ವರ್ಷ 20, 10, 20, 30, 120, 400 ಮಿ.ಮೀ. ಎರಡರ ಮೊತ್ತವೂ 600, ಸರಾಸರಿಯೂ 100. ‘ಎರಡು ವರ್ಷವೂ ಒಂದೇ ಮಳೆ’ ಎಂದು ತರಗತಿ ಒಪ್ಪಿಕೊಂಡ ಮೇಲೆ ಮಧ್ಯಾಂಕ ಕಂಡುಹಿಡಿಯಲು ಹೇಳಿದೆ. ಮೊದಲನೆಯದಕ್ಕೆ 100, ಎರಡನೆಯದಕ್ಕೆ 25. ವ್ಯಾಪ್ತಿ 110 ಮತ್ತು 390. “ಎರಡನೇ ವರ್ಷ ರಾಗಿ ಆಗಲ್ಲ ಸಾ” ಎಂದವಳು ಗಣಿತದಲ್ಲಿ ಸದಾ ಹಿಂದಿನ ಬೆಂಚಿನವಳು. ಮೇ, ಜೂನ್‌ನಲ್ಲಿ ಹದವಿಲ್ಲ, ಅಕ್ಟೋಬರ್‌ನಲ್ಲಿ ಬಿದ್ದ 400 ಮಿ.ಮೀ. ಮಣ್ಣನ್ನೂ ಹೊತ್ತುಕೊಂಡು ಹೋಗುತ್ತದೆ ಎಂದು ಅವಳೇ ವಿವರಿಸಿದಳು. ಸರಾಸರಿ, ಮಧ್ಯಾಂಕ, ಬಹುಲಕ ಮೂರನ್ನೂ ಏಕೆ ಕಲಿಯಬೇಕು ಎಂಬ ಪ್ರಶ್ನೆಗೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರವಿರಲಿಲ್ಲ.

ಕನ್ನಡ: ಮಳೆಗೆ ಹೆಸರಿಟ್ಟವರ ಲೆಕ್ಕ

ನಮ್ಮ ಹೊಲಗಳಲ್ಲಿ ಮಳೆಗೆ ಹೆಸರಿದೆ. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಸಾಗಿ ಸ್ವಾತಿ, ವಿಶಾಖದವರೆಗೆ. ಭರಣಿ ಮಳೆಯಾದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಗೊತ್ತಿಲ್ಲದ ಮನೆ ಇಲ್ಲ. ಗಾದೆಗಳನ್ನು ಸಂಗ್ರಹಿಸಿ ವಿಸ್ತರಿಸಿ ಬರೆಯುವುದು ಕನ್ನಡ ತರಗತಿಯ ಮಾಮೂಲಿ ಚಟುವಟಿಕೆ. ನಾವು ಅದನ್ನೇ ಸ್ವಲ್ಪ ಮುಂದಕ್ಕೆ ಒಯ್ದೆವು.

ಸೂರ್ಯ ಒಂದು ನಕ್ಷತ್ರದಲ್ಲಿ ಇರುವ ಕಾಲಕ್ಕೆ ಆ ಮಳೆಯ ಹೆಸರು. ಇಪ್ಪತ್ತೇಳು ನಕ್ಷತ್ರಗಳಿಗೆ 365 ದಿನ ಹಂಚಿದರೆ ಒಂದಕ್ಕೆ ಹದಿಮೂರೂವರೆ ದಿನ. ಭರಣಿ ಏಪ್ರಿಲ್ ಕೊನೆಯ ವಾರ ಹುಟ್ಟುತ್ತದೆ, ರೋಹಿಣಿ ಮೇ ಕೊನೆಯ ವಾರ, ಆರಿದ್ರಾ ಜೂನ್ 22ರ ಸುಮಾರಿಗೆ. ಎಂದರೆ ಇದು ಹದಿಮೂರೂವರೆ ದಿನಗಳ ತೂತುಗಳುಳ್ಳ ಒಂದು ಜರಡಿ. ನಮ್ಮ ತಿಂಗಳ ಲೆಕ್ಕಕ್ಕಿಂತ ನುಣುಪಾದದ್ದು. ‘ಈಗೀಗ ರೋಹಿಣಿ ಮಳೆ ರೋಹಿಣೀಲಿ ಬತ್ತಿಲ್ಲ’ ಎಂದು ಅಜ್ಜಂದಿರು ಹೇಳಿದ್ದನ್ನು ಮಕ್ಕಳು ಬರೆದುಕೊಂಡು ಬಂದರು. ಇದು ಸಾಕ್ಷ್ಯವೇ, ಬರೀ ಅನಿಸಿಕೆಯೇ?

ಇಲ್ಲಿ ಭೌತವಿಜ್ಞಾನದವನಾಗಿ ನಾನು ಆ ತರಗತಿಗೆ ಒಂದು ಪೀರಿಯಡ್ ಹೋದೆ. ನಕ್ಷತ್ರದ ಲೆಕ್ಕದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ, ಏಕೆಂದರೆ ಭೂಮಿಯ ಅಕ್ಷ ಬುಗುರಿಯ ತಲೆಯಂತೆ ನಿಧಾನವಾಗಿ ಸುತ್ತುತ್ತದೆ. ಈ 20 ನಿಮಿಷ ಸೇರಿಸಿಕೊಂಡು ಸುಮಾರು 72 ವರ್ಷಕ್ಕೆ ಒಂದು ದಿನದ ವ್ಯತ್ಯಾಸವಾಗುತ್ತದೆ. ಹಾಗಾಗಿ ಪಂಚಾಂಗವೇ ಜಾರಿದೆ, ಮಳೆ ಜಾರಿಲ್ಲ ಎಂದು ವಾದಿಸಬಹುದೇ? ಮಕ್ಕಳು ಲೆಕ್ಕ ಹಾಕಿದರು. ಅಜ್ಜನ ಬಾಲ್ಯದಿಂದ ಇವತ್ತಿನವರೆಗೆ ಜಾರಿರುವುದು ಒಂದು ದಿನವೂ ಇಲ್ಲ. ಸಾವಿರ ವರ್ಷವಾದರೆ ಹದಿನಾಲ್ಕು ದಿನ, ಸರಿಯಾಗಿ ಒಂದು ನಕ್ಷತ್ರ. ಅಷ್ಟು ಹಳೆಯ ಗಾದೆಯಿದ್ದರೆ ಅದರ ಭರಣಿ ಈಗಿನ ಅಶ್ವಿನಿಯ ಹೊತ್ತಿಗೆ ಬೀಳುತ್ತಿತ್ತು! ಅಜ್ಜನ ದೂರಿಗೆ ಪಂಚಾಂಗ ಕಾರಣವಲ್ಲ ಎಂದಾಯಿತು. ಉಳಿದ ಸಾಧ್ಯತೆಗಳು ಎರಡು: ಮಳೆ ನಿಜಕ್ಕೂ ಬದಲಾಗಿದೆ, ಅಥವಾ ಒಳ್ಳೆಯ ಮಳೆಯ ವರ್ಷಗಳೇ ನೆನಪಿನಲ್ಲಿ ಉಳಿದಿವೆ. ಯಾವುದೆಂದು ತೀರ್ಮಾನಿಸಲು ಅಳೆದಿಟ್ಟ ಅಂಕಿ ಬೇಕು. ಅಜ್ಜನ ಮಾತನ್ನು ಅಲ್ಲಗಳೆಯದೆ, ಹಾಗೆಂದು ಕಣ್ಣುಮುಚ್ಚಿ ಒಪ್ಪದೆ ಪರೀಕ್ಷಿಸುವ ಪ್ರಶ್ನೆಯಾಗಿ ಬದಲಾಯಿಸಿಕೊಳ್ಳುವುದು ನಮ್ಮ ಇಡೀ ಪ್ರಯತ್ನದಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ.

ಅಳೆದಿಟ್ಟ ಹಳೆಯ ಅಂಕಿ ಹುಡುಕಲು ಹೊರಟರೆ ಇತಿಹಾಸವೂ ಜೊತೆಗೆ ಬರುತ್ತದೆ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು, ಅದರ ಹಳೆಯ ಕಡತಗಳನ್ನು ಮದರಾಸಿನ ಲೆಕ್ಕದಲ್ಲಿ ಹುಡುಕಬೇಕು. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು, ಮೈಸೂರಿನ ಕಡೆಯದು. ಹನೂರು ಮೊನ್ನೆ ಮೊನ್ನೆಯವರೆಗೆ ಕೊಳ್ಳೇಗಾಲದ ಒಳಗೇ ಇತ್ತು. ಭಾಷಾವಾರು ಪ್ರಾಂತ್ಯ ರಚನೆಯ ಪಾಠಕ್ಕೆ ಇದನ್ನು ಜೋಡಿಸಬಹುದು. ನಮಗೆ ಸಮಯ ಸಾಲಲಿಲ್ಲ.

ಜೀವವಿಜ್ಞಾನ: ಹುಳುಮನೆ ಮತ್ತು ಲಂಟಾನ

ರೇಷ್ಮೆಯ ಪಾಠದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ತಾನಾಗಿ ನಡೆಯುತ್ತದೆ. ರೇಷ್ಮೆ ಹುಳು ಶೀತರಕ್ತ ಜೀವಿ. ಚಾಕಿ ಹುಳುವಿಗೆ 27-28 ಡಿಗ್ರಿ, ಬೆಳೆದ ಹುಳುವಿಗೆ 24-25 ಡಿಗ್ರಿಯ ಆಸುಪಾಸು ಬೇಕು. ಹುಳುಮನೆಯ ಕಿಟಕಿಗೆ ನೆನೆಸಿದ ಗೋಣಿತಟ್ಟು ಏಕೆ ಕಟ್ಟುತ್ತಾರೆ ಎಂಬ ಪ್ರಶ್ನೆಯಿಂದ ಆವೀಕರಣ, ತೇವಾಂಶ, ರೋಗ ಮೂರೂ ಬಂದವು. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು ಎಂಬ ಹೆಸರುಗಳು ಮಕ್ಕಳಿಗೆ ಮೊದಲೇ ಗೊತ್ತು. ಯಾವುದು ವೈರಸ್, ಯಾವುದು ಶಿಲೀಂಧ್ರ ಎಂಬುದಷ್ಟೇ ಶಿಕ್ಷಕರು ಸೇರಿಸಬೇಕಾದದ್ದು.

ಬಿಳಿಗಿರಿರಂಗನ ಬೆಟ್ಟದ ಪಾಠ ಕಷ್ಟದ್ದು. ಕಾಡಿನ ತಳವನ್ನೆಲ್ಲ ಲಂಟಾನ ಮುಚ್ಚಿರುವುದನ್ನು ಯಳಂದೂರಿನ ಮಕ್ಕಳು ಕಂಡಿದ್ದಾರೆ. ‘ವಾಯುಗುಣ ಬದಲಾವಣೆಯಿಂದ ಕಾಡು ಕೆಟ್ಟಿದೆ’ ಎಂದು ಬರೆಸಿದರೆ ಅಂಕ ಸಿಗಬಹುದು. ಸೋಲಿಗರ ಹಿರಿಯರನ್ನು ಕೇಳಿದರೆ ಮತ್ತೊಂದು ಕಾರಣ ಹೇಳುತ್ತಾರೆ. ಹಿಂದೆ ಬೇಸಿಗೆಯ ಆರಂಭದಲ್ಲೇ ಒಣ ಎಲೆಗೆ ಸಣ್ಣ ತರಗು ಬೆಂಕಿ ಇಡುತ್ತಿದ್ದರು. ಅದು ಮರ ಸುಡುತ್ತಿರಲಿಲ್ಲ, ಲಂಟಾನದ ಸಸಿ ಮತ್ತು ಮರಗಳ ಬಂದಳಿಕೆಯನ್ನು ಹತೋಟಿಯಲ್ಲಿಡುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಲಂಟಾನ ಹಬ್ಬಿತು, ಈಗ ಬೆಂಕಿ ಬಿದ್ದರೆ ಅದು ಮರದ ತುದಿಗೇರುತ್ತದೆ. ಈ ವಿವರಣೆಯನ್ನು ಪರಿಸರ ವಿಜ್ಞಾನಿಗಳೂ ಗಂಭೀರವಾಗಿ ಚರ್ಚಿಸಿದ್ದಾರೆ. 2011ರಲ್ಲಿ ಇದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರ ಸಾಮುದಾಯಿಕ ಅರಣ್ಯ ಹಕ್ಕುಗಳಿಗೂ ಮಾನ್ಯತೆ ಸಿಕ್ಕಿತು. ತರಗತಿಯಲ್ಲಿ ಸೋಲಿಗ ಮಕ್ಕಳಿರುವಾಗ ಎಲ್ಲ ಕೇಡನ್ನೂ ವಾಯುಗುಣದ ತಲೆಗೆ ಕಟ್ಟುವುದೆಂದರೆ ಅವರ ಅಜ್ಜ ಅಜ್ಜಿಯರ ತಿಳಿವಳಿಕೆಯನ್ನು ಅಳಿಸಿದಂತೆ. ಯಾವುದು ವಾಯುಗುಣದ ಪರಿಣಾಮ ಅಲ್ಲ ಎಂಬುದೂ ಈ ಪಾಠದ ಭಾಗ.

ಭೌತವಿಜ್ಞಾನ: ಯಾರು ಎಷ್ಟು

ಎರಡು ಬಾಟಲಿ, ಎರಡು ಥರ್ಮಾಮೀಟರ್, ಒಂದರಲ್ಲಿ ಅಡುಗೆ ಸೋಡಾ ಮತ್ತು ವಿನೆಗರ್‌ನಿಂದ ಬಂದ ಕಾರ್ಬನ್ ಡೈಆಕ್ಸೈಡ್: ಹಸಿರುಮನೆ ಪರಿಣಾಮಕ್ಕೆ ಎಲ್ಲರೂ ತೋರಿಸುವ ಈ ಪ್ರಯೋಗವನ್ನು ನಾನು ಬಿಟ್ಟೆ. ಬಾಟಲಿಯಲ್ಲಿ ಕಾಣುವ ಉಷ್ಣತೆಯ ವ್ಯತ್ಯಾಸ ಬಹುಮಟ್ಟಿಗೆ ಭಾರವಾದ ಅನಿಲ ಮೇಲಿನ ಗಾಳಿಯೊಡನೆ ಬೆರೆಯದೆ ನಿಲ್ಲುವುದರಿಂದ ಬರುತ್ತದೆಯೇ ಹೊರತು, ಅವಕೆಂಪು ವಿಕಿರಣವನ್ನು ಹೀರುವುದರಿಂದಲ್ಲ. ಫಲಿತಾಂಶ ಸರಿ, ಕಾರಣ ತಪ್ಪು. ಅದರ ಬದಲು ಅಂಕಿಗಳನ್ನೇ ನೇರವಾಗಿ ಕೊಟ್ಟೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ಕೈಗಾರಿಕಾ ಕ್ರಾಂತಿಗೆ ಮುಂಚೆ ಸುಮಾರು 280 ಭಾಗ, ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಆರಂಭಿಸಿದ 1958ರಲ್ಲಿ ಸುಮಾರು 315, ಈಗ 420ಕ್ಕೂ ಹೆಚ್ಚು. ಓಝೋನ್ ರಂಧ್ರಕ್ಕೂ ಇದಕ್ಕೂ ಗಂಟುಹಾಕುವುದು ಮಕ್ಕಳಲ್ಲಿ ಮಾತ್ರವಲ್ಲ, ನಮ್ಮ ಪ್ರಶಿಕ್ಷಣಾರ್ಥಿಗಳಲ್ಲೂ ಸಾಮಾನ್ಯ. ಎರಡೂ ಬೇರೆ ಎಂದು ಒಂದು ಚಿತ್ರ ಬರೆದು ಮುಗಿಸಬೇಕು.

ವಿದ್ಯುತ್ತಿನ ಘಟಕದಲ್ಲಿ ಶಿವನಸಮುದ್ರ ಇದ್ದೇ ಇದೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಭರಚುಕ್ಕಿಗೆ ಪ್ರವಾಸ ಹೋದ ಮಕ್ಕಳಿಗೆ ಇದು ತಿಳಿದಿರಲಿಲ್ಲ. ಕಲ್ಲಿದ್ದಲಿಲ್ಲದೆ ವಿದ್ಯುತ್ ತಯಾರಿಸಿದ ಜಾಗ ನಮ್ಮ ಮಗ್ಗುಲಲ್ಲೇ ಇದೆ ಎಂಬುದರ ಜೊತೆಗೇ, ನದಿಯಲ್ಲಿ ನೀರಿಲ್ಲದ ವರ್ಷ ಅದೇನಾಗುತ್ತದೆ ಎಂಬ ಪ್ರಶ್ನೆಯೂ ಬಂತು.

ಪಾಠದ ಕೊನೆಯ ಹತ್ತು ನಿಮಿಷಕ್ಕೆ ನಾನು ಇಟ್ಟುಕೊಂಡಿದ್ದ ‘ನಾವೇನು ಮಾಡಬಹುದು’ ಎಂಬ ಭಾಗಕ್ಕೆ ಮಕ್ಕಳ ಬಳಿ ಉತ್ತರ ಸಿದ್ಧವಿತ್ತು: ಗಿಡ ನೆಡಬೇಕು, ಪ್ಲಾಸ್ಟಿಕ್ ಬಳಸಬಾರದು, ಸೌದೆ ಉರಿಸಬಾರದು. ಹಿಂದಿನ ಸಾಲಿನಿಂದ ಒಬ್ಬ ಕೇಳಿದ: “ನಮ್ಮಪ್ಪ ಮಳ ಇಲ್ದೆ ಬೆಂಗ್ಳೂರ್ಗ ಗಾರ ಕೆಲ್ಸಕ್ಕ ಹೋಗವ್ನ ಸಾ. ಅವ್ನು ಏನ್ ಮಾಡ್ಬೇಕಿತ್ತು?” 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಊರು ಬಿಟ್ಟವರ ಮನೆಯ ಮಗುವಿನ ಮುಂದೆ ‘ಮನುಷ್ಯನ ದುರಾಸೆಯೇ ಕಾರಣ’ ಎಂಬ ಪಠ್ಯದ ಧಾಟಿಯ ವಾಕ್ಯವನ್ನು ಹೇಳುವುದು ಸರಿಯೇ? ಯಾವ ಮನುಷ್ಯ? ಮರುದಿನದ ಪೀರಿಯಡ್ಡನ್ನು ಭಾಗಾಹಾರಕ್ಕೆ ಕೊಟ್ಟೆ. ತಲಾ ಒಬ್ಬರ ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆ ವರ್ಷಕ್ಕೆ ಭಾರತದಲ್ಲಿ ಸುಮಾರು 2 ಟನ್, ಜಗತ್ತಿನ ಸರಾಸರಿ ಸುಮಾರು 4.7, ಅಮೆರಿಕದಲ್ಲಿ ಸುಮಾರು 14. ಭಾರತದ ಆ 2 ಟನ್ ಕೂಡ ಸರಾಸರಿಯೇ. ಅದರಲ್ಲಿ ವಿಮಾನದಲ್ಲಿ ಓಡಾಡುವವರೂ ಇದ್ದಾರೆ, ಒಡೆಯರಪಾಳ್ಯದಿಂದ ಬಸ್ಸಿಗೆ ಕಾಯುವವರೂ ಇದ್ದಾರೆ. ಸರಾಸರಿ ಏನನ್ನು ಮುಚ್ಚಿಡುತ್ತದೆ ಎಂದು ಅವರಿಗೆ ನಾನು ಹೇಳಬೇಕಾಗಲಿಲ್ಲ, ಮಧ್ಯಾಂಕದ ಪಾಠ ಆಗಿತ್ತು. ಅಪ್ಪ ಏನು ಮಾಡಬೇಕಿತ್ತು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಆದರೆ ತಪ್ಪು ಅಪ್ಪನದಲ್ಲ ಎಂಬುದನ್ನಾದರೂ ಅಂಕಿಯೇ ಹೇಳಿತು.

ಮುಂದಿನ ತಂಡಕ್ಕೆ

ನಲವತ್ತು ನಿಮಿಷದ ಪೀರಿಯಡ್, ವಿಜ್ಞಾನ ಗಣಿತ ಎರಡಕ್ಕೂ ಒಬ್ಬರೇ ಶಿಕ್ಷಕರು, ಎದುರಿಗೆ ರೂಪಣಾತ್ಮಕ ಮೌಲ್ಯಮಾಪನ. ಹೊಸ ಚಟುವಟಿಕೆಗೆ ಜಾಗವೆಲ್ಲಿ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳುವುದು ನ್ಯಾಯವೇ. ಮೇಲಿನ ಯಾವ ಪಾಠಕ್ಕೂ ಹೊಸ ಘಟಕ ಬೇಕಾಗಲಿಲ್ಲ, ಇದ್ದ ಘಟಕದ ಉದಾಹರಣೆಗಳಷ್ಟೇ ಬದಲಾದವು. ಮಳೆ ದಾಖಲೆಯನ್ನು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಪರಿಗಣಿಸಿದರೆ ಒಂದೇ ಕೆಲಸಕ್ಕೆ ಮೂರು ವಿಷಯಗಳಲ್ಲಿ ಅಂಕ ಕೊಡಬಹುದು.

ವಾಯುಗುಣದ ಸರಾಸರಿಗೆ ವಿಶ್ವ ಹವಾಮಾನ ಸಂಸ್ಥೆ ಬಳಸುವುದು 30 ವರ್ಷಗಳ ಅಳತೆ. ನಾವು ಪ್ರಶಿಕ್ಷಣಾರ್ಥಿಗಳು ಕೆಲವು ವಾರ ಇದ್ದು ಹೋಗುವವರು. ಹಾಗಾಗಿ ನಾವು ಬಿಟ್ಟುಬರಬೇಕಾದದ್ದು ಚಾರ್ಟಿಗಿಂತ ಮುಖ್ಯವಾಗಿ ಒಂದು ಮಳೆ ರಿಜಿಸ್ಟರ್. ನೆರೆಯ ಕೇರಳದಲ್ಲಿ ಭೂಗೋಳ ವಿಷಯವಿರುವ ಸರ್ಕಾರಿ ಶಾಲೆಗಳಲ್ಲಿ ಹವಾಮಾನ ಕೇಂದ್ರಗಳನ್ನೇ ತೆರೆದಿದ್ದಾರೆ. ನಮಗೆ ಬಾಟಲಿ ಸಾಕು, ಹೋಲಿಸಿ ನೋಡಲು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ಗ್ರಾಮ ಪಂಚಾಯಿತಿ ಮಟ್ಟದಲ್ಲಿದೆ. ಮಳೆ ಓದಬೇಕಾದ ಹೊತ್ತು ಬೆಳಿಗ್ಗೆ 8.30. ಶಾಲೆ ತೆರೆಯುವ ಮುಂಚೆ ಓದಬೇಕಾಗಿರುವುದರಿಂದ ಶಾಲೆಯ ಪಕ್ಕದ ಮನೆಯ ಇಬ್ಬರು ಮಕ್ಕಳಿಗೆ ಜವಾಬ್ದಾರಿ ಕೊಡಿ. ಒಬ್ಬರು ಎಂಟನೆಯವರು, ಒಬ್ಬರು ಒಂಬತ್ತನೆಯವರಾಗಿರಲಿ, ದೊಡ್ಡವರು ಶಾಲೆ ಬಿಟ್ಟರೂ ಸರಪಳಿ ಕಡಿಯದು. ಮಳೆ ಇಲ್ಲದ ದಿನ ಸೊನ್ನೆ ಎಂದು ಬರೆಯಬೇಕು, ಓದದ ದಿನ ಅಡ್ಡಗೆರೆ ಎಳೆಯಬೇಕು. ಇವೆರಡೂ ಒಂದೇ ಅಲ್ಲ. ಮೊದಲ ಪುಟದಲ್ಲಿ ಮಾಪಕ ಇಟ್ಟ ಜಾಗ, ಹತ್ತಿರದ ಮರ ಗೋಡೆಗಳ ದೂರ, ಬಾಟಲಿ ಬದಲಾಯಿಸಿದ ದಿನಾಂಕ ಇರಲಿ. ನಕ್ಷತ್ರದ ಮಳೆಯ ಹೆಸರಿಗೂ ಒಂದು ಅಂಕಣ ಬಿಡಿ. ಪುಸ್ತಕವನ್ನು ಮುಖ್ಯ ಶಿಕ್ಷಕರ ಬೀರುವಿನಲ್ಲಿ ದಾಖಲಾತಿ ರಿಜಿಸ್ಟರಿನ ಪಕ್ಕದಲ್ಲಿಡಲು ಒಪ್ಪಿಗೆ ಪಡೆಯಿರಿ. ವಿಜ್ಞಾನ ಕೊಠಡಿಯಲ್ಲಿಟ್ಟರೆ ಪರೀಕ್ಷೆ ಮುಗಿದ ಮೇಲೆ ಹಳೆ ಪೇಪರಿನ ಜೊತೆ ಹೋಗಿಬಿಡುತ್ತದೆ.